ಎಳೆಯರ ಸಾಕ್ಷ್ಯ: ಮಿತಾಕ್ಷರದಿಂದ ಇಂದಿನ ನ್ಯಾಯಾಲಯದವರೆಗೆ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದವು ಇತಿಹಾಸದಲ್ಲಿ ಆಸಕ್ತಿಯುಳ್ಳವರಿಗೆ ಹೊಸ ಹೆಸರಲ್ಲ. ಅಲ್ಲಿಯ ಭೀಮೇಶ್ವರ ದೇವಾಲಯವು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಕ್ಕೆ ಒಳ್ಳೆಯ ನಿದರ್ಶನವಾಗಿದೆ. ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾದ ತಾಮ್ರಶಾಸನಗಳು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ಸೇರಿದವು. 1076ರಿಂದ 1126ರವರೆಗೆ ಆಳಿದ ಈ ದೊರೆಯ ಆಶ್ರಯದಲ್ಲಿಯೇ, ಕಲ್ಯಾಣದಲ್ಲಿ, ವಿಜ್ಞಾನೇಶ್ವರನೆಂಬ ಪಂಡಿತನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನವನ್ನು ರಚಿಸಿದನು. ಅವಿಭಕ್ತ ಕುಟುಂಬದ ಆಸ್ತಿಪಾಲು ಎಂದೊಡನೆ ವ್ಯಾಪಾರಸ್ಥರಾದ ನಮಗೆ ಮಿತಾಕ್ಷರದ ನೆನಪಾಗುತ್ತದೆ. ಆದರೆ ಯಾರು ಸಾಕ್ಷಿಯಾಗಬಹುದು, ಯಾರು ಆಗಬಾರದು ಎಂಬ ವಿಚಾರವೂ ಅದರ ವ್ಯವಹಾರಾಧ್ಯಾಯದಲ್ಲಿದೆ. ಅಲ್ಲಿಂದ ಹೊರಟ ಒಂದು ಪ್ರಶ್ನೆಯನ್ನು ಇಂದಿನವರೆಗೆ ಹಿಂಬಾಲಿಸುವುದು ಈ ಲೇಖನದ ಉದ್ದೇಶ.

ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಮೊಕದ್ದಮೆಗಳಲ್ಲಿ ಮಗುವಿನ ಮಾತಿಗೂ ವೈದ್ಯರ ಪರೀಕ್ಷಾಪತ್ರಕ್ಕೂ ನ್ಯಾಯಾಲಯಗಳು ಯಾವ ತೂಕವನ್ನು ಕೊಡುತ್ತ ಬಂದಿವೆ? ಇದು ನಮ್ಮ ಪತ್ರಿಕೆಯ ಪುಟಗಳಿಗೆ ಒಪ್ಪುವ ವಿಷಯವಲ್ಲವೆಂದು ಕೆಲವು ಹಿರಿಯರಿಗೆ ಅನಿಸಬಹುದು. ನಮ್ಮ ಸಮಾಜವು ಪಾಠಶಾಲೆ, ವಿದ್ಯಾರ್ಥಿನಿಲಯ, ಧಾರ್ಮಿಕ ಶಿಬಿರಗಳನ್ನು ನಡೆಸುತ್ತಿದೆ. ಪರರ ಮಕ್ಕಳನ್ನು ನಮ್ಮ ಛಾವಣಿಯ ಕೆಳಗೆ ಮಲಗಿಸಿಕೊಳ್ಳುವ ನಾವು ಇದನ್ನು ತಿಳಿಯದೆ ಇರುವಂತಿಲ್ಲ. ನಾನು ವಕೀಲನಲ್ಲ, ವೈದ್ಯನೂ ಅಲ್ಲ. ಶೇಂಗಾ ಮತ್ತು ಜೋಳದ ವ್ಯಾಪಾರ ಮಾಡಿಕೊಂಡು ಬಂದವನು. ಆದರೂ ಈ ವಿಷಯವನ್ನು ಓದಿ ತಿಳಿಯಲು ನನಗೊಂದು ಕಾರಣವಿತ್ತು.

ಖಜಾಂಚಿಯ ಒಂದು ನೆನಪು

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನಾನಾಗ ಒಂದು ವಿದ್ಯಾರ್ಥಿನಿಲಯದ ಆಡಳಿತ ಸಮಿತಿಯಲ್ಲಿ ಖಜಾಂಚಿಯಾಗಿದ್ದೆ. ಊರು, ಸಂಸ್ಥೆ, ವ್ಯಕ್ತಿಗಳ ಹೆಸರು ಇಲ್ಲಿ ಬೇಡ. ಒಂಬತ್ತು ವರ್ಷದ ಬಾಲಕನೊಬ್ಬನು, ನಿಲಯದಲ್ಲಿ ಕೆಲಸಕ್ಕಿದ್ದ ಒಬ್ಬನು ರಾತ್ರಿಯಲ್ಲಿ ತನ್ನೊಡನೆ ನಡೆದುಕೊಂಡ ರೀತಿಯನ್ನು ರಜೆಗೆ ಊರಿಗೆ ಹೋದಾಗ ತಾಯಿಗೆ ತಿಳಿಸಿದನು. ಆ ತಾಯಿ ಸಮಿತಿಯ ಮುಂದೆ ಬಂದು ಹೇಳಿಕೊಂಡರು. ಘಟನೆಯಾಗಿ ಹತ್ತು ಹನ್ನೆರಡು ದಿನಗಳ ಮೇಲೆ ಬಾಲಕನನ್ನು ವೈದ್ಯರೊಬ್ಬರಿಗೆ ತೋರಿಸಲಾಯಿತು. ಗಾಯದ ಗುರುತು ಇಲ್ಲವೆಂದು ಅವರು ಒಂದು ಸಾಲು ಬರೆದುಕೊಟ್ಟರು. ಹಿರಿಯ ಸದಸ್ಯರೊಬ್ಬರು ಆ ಚೀಟಿಯನ್ನು ಮೇಜಿನ ಮೇಲಿಟ್ಟು, “ಡಾಕ್ಟರೇ ಏನೂ ಇಲ್ಲ ಅಂತ ಬರೆದುಕೊಟ್ಟಾರಲ್ಲ, ಇನ್ನ ಈ ಮಾತು ಬೆಳಸೋದು ಬ್ಯಾಡ” ಎಂದರು. ಬಾಲಕನ ಹೆಸರನ್ನು ನಿಲಯದಿಂದ ತೆಗೆದು ಊರಿಗೆ ಕಳಿಸಲಾಯಿತು. ಆ ಕೆಲಸದವನು ಮತ್ತೊಂದು ವರ್ಷ ಅಲ್ಲಿಯೇ ಇದ್ದನು. ಸಭೆಯ ನಡವಳಿಗೆ ನಾನೂ ಸಹಿ ಹಾಕಿದೆ.

ಅಂದು ನನ್ನ ಮನಸ್ಸಿನಲ್ಲಿದ್ದ ಲೆಕ್ಕ ಸರಳವಾದುದು. ಓಚರು ಇಲ್ಲದ ರಕಮನ್ನು ಖಾತೆಗೆ ಹಿಡಿಯಬಾರದೆಂದು ಬಿ.ಕಾಂ. ತರಗತಿಯಲ್ಲಿ ಕಲಿತಿದ್ದೆ. ವೈದ್ಯರ ಪತ್ರವೇ ಓಚರು. ಅದು ಇಲ್ಲದ ಮೇಲೆ ಬಾಲಕನ ಮಾತಿಗೆ ಆಧಾರವಿಲ್ಲ ಎಂದು ತಿಳಿದೆ. ನ್ಯಾಯಾಲಯಗಳು ಹಾಗೆ ಲೆಕ್ಕ ಹಾಕುವುದಿಲ್ಲವೆಂಬುದು ಬಹುಕಾಲದ ಅನಂತರ, ತೀರ್ಪುಗಳನ್ನು ಒಂದೊಂದಾಗಿ ಓದಿದಾಗ ಮನವರಿಕೆಯಾಯಿತು.

ಸ್ಮೃತಿಗಳ ಕಾಲದ ಸಂಶಯ

ಯಾಜ್ಞವಲ್ಕ್ಯ ಸ್ಮೃತಿಯು ಸಾಕ್ಷಿಯಾಗಲು ಅರ್ಹರಲ್ಲದವರ ಒಂದು ಪಟ್ಟಿಯನ್ನು ಕೊಡುತ್ತದೆ. ಸ್ತ್ರೀಯರು, ಬಾಲಕರು, ವೃದ್ಧರು, ಜೂಜುಕೋರರು, ಮತ್ತರು, ಉನ್ಮತ್ತರು ಅದರಲ್ಲಿದ್ದಾರೆ. ಪಾಷಂಡಿಗಳೂ ಇದ್ದಾರೆ, ವೇದವನ್ನು ಒಪ್ಪದವರನ್ನು ಆ ಹೆಸರಿನಿಂದ ಕರೆಯುತ್ತಿದ್ದ ಕಾಲವದು. ಮಾತಾಡುವವನು ಯಾರೆಂಬುದರಿಂದಲೇ ಮಾತಿನ ಬೆಲೆಯನ್ನು ನಿಶ್ಚಯಿಸಿದರೆ ಏನಾಗುವುದೆಂಬುದನ್ನು ನಮ್ಮ ಪೂರ್ವಿಕರೂ ಬಲ್ಲವರಾಗಿದ್ದಿರಬೇಕು.

ಆದರೆ ಅದೇ ಸ್ಮೃತಿಯು ಮುಂದುವರಿದು, ಸಂಗ್ರಹಣ ಎಂದರೆ ಪರಸ್ತ್ರೀ ಸಂಬಂಧದ ಅಪರಾಧ, ಕಳವು, ಪಾರುಷ್ಯ ಹಾಗೂ ಸಾಹಸವೆಂಬ ಬಲಾತ್ಕಾರದ ಕೃತ್ಯಗಳಲ್ಲಿ ಎಲ್ಲರೂ ಸಾಕ್ಷಿಗಳಾಗಬಹುದೆಂದು ವಿಧಿಸುತ್ತದೆ. ಇದರ ಯುಕ್ತಿಯನ್ನು ವ್ಯಾಪಾರಿಯು ಸುಲಭವಾಗಿ ಗ್ರಹಿಸಬಲ್ಲನು. ಸಾಲ ಕೊಡುವಾಗ ನಾಲ್ಕು ಜನ ಸಂಭಾವಿತರನ್ನು ಕೂರಿಸಿಕೊಂಡು ಪತ್ರ ಬರೆಸಬಹುದು. ಕತ್ತಲೆಯಲ್ಲಿ ನಡೆಯುವ ದುಷ್ಕೃತ್ಯಕ್ಕೆ ಸಾಕ್ಷಿಗಳನ್ನು ಆರಿಸಿಕೊಳ್ಳುವವರು ಯಾರು? ಅಲ್ಲಿ ಯಾರಿದ್ದರೋ ಅವರೇ ಸಾಕ್ಷಿ. ಹಾಗೆಂದು ಸಂಶಯವು ತೀರಿತೆಂದಲ್ಲ. ಇಂಥ ಸಂದರ್ಭದಲ್ಲಿಯೂ ಮಗುವು ಅಜ್ಞಾನದಿಂದ ತಪ್ಪು ಹೇಳೀತೆಂದು ನಾರದಸ್ಮೃತಿಯು ಶಂಕಿಸುತ್ತದೆ. ಬೇರೆ ಸಾಕ್ಷಿಗಳು ಇಲ್ಲದಿರುವಾಗ ಬಾಲಕರ ಮಾತನ್ನು ಕೇಳಬಹುದೆನ್ನುವ ಮನುಸ್ಮೃತಿಯು, ಆ ಮಾತು ಸ್ಥಿರವಲ್ಲವೆಂಬ ಎಚ್ಚರಿಕೆಯನ್ನೂ ಸೇರಿಸುತ್ತದೆ. ಕೇಳಬೇಕು, ಆದರೆ ನಂಬುವುದು ಹೇಗೆ ಎಂಬ ಈ ತೊಡಕು ಎಂಟು ಶತಮಾನಗಳ ಮೇಲೆ ಬ್ರಿಟಿಷರ ನ್ಯಾಯಾಲಯದಲ್ಲಿಯೂ ಹಾಗೆಯೇ ಉಳಿದಿತ್ತು.

1872ರ ಸಾಕ್ಷ್ಯ ಕಾಯ್ದೆ

ಇಂಗ್ಲೆಂಡಿನ ನ್ಯಾಯಾಧೀಶ ಮ್ಯಾಥ್ಯೂ ಹೇಲ್ 1676ರಲ್ಲಿ ತೀರಿಕೊಂಡನು. ಅವನ ಗ್ರಂಥವು 1736ರಲ್ಲಿ ಅಚ್ಚಾಯಿತು. ಅತ್ಯಾಚಾರದ ಆರೋಪವನ್ನು ಹೊರಿಸುವುದು ಸುಲಭ, ಅದನ್ನು ನಿರಾಕರಿಸುವುದು ನಿರಪರಾಧಿಗೂ ಕಷ್ಟ ಎಂಬ ಅವನ ಎಚ್ಚರಿಕೆಯು ಎರಡು ಶತಮಾನಗಳಿಗೂ ಹೆಚ್ಚು ಕಾಲ ನ್ಯಾಯಪೀಠಗಳ ಕಿವಿಯಲ್ಲಿ ಉಳಿಯಿತು. 1779ರ ಬ್ರೇಸಿಯರ್ ಮೊಕದ್ದಮೆಯಲ್ಲಿ ದೌರ್ಜನ್ಯಕ್ಕೆ ಗುರಿಯಾದವಳು ಏಳು ವರ್ಷವೂ ತುಂಬದ ಬಾಲಿಕೆ. ಪ್ರಮಾಣವಚನಕ್ಕೆ ಇಷ್ಟೇ ವಯಸ್ಸೆಂಬ ಗೆರೆಯಿಲ್ಲ, ಸುಳ್ಳಾಡುವುದರ ದೋಷವನ್ನು ತಿಳಿದ ಮಗುವು ಸಾಕ್ಷಿ ನುಡಿಯಬಹುದು ಎಂದು ಅಲ್ಲಿಯ ನ್ಯಾಯಾಧೀಶರು ತೀರ್ಮಾನಿಸಿದರು. ಆದರೆ ಪ್ರಮಾಣವಿಲ್ಲದೆ ನುಡಿದ ಮಾತನ್ನು ಸ್ವೀಕರಿಸಲಾಗದೆಂದೂ ಹೇಳಿದರು.

ನಮ್ಮ ದೇಶಕ್ಕೆ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ರಚಿಸಿದ 1872ರ ಸಾಕ್ಷ್ಯ ಕಾಯ್ದೆಯು ಇದಕ್ಕಿಂತ ಉದಾರವಾಗಿತ್ತು. ಕೇಳಿದ ಪ್ರಶ್ನೆಯನ್ನು ತಿಳಿದುಕೊಂಡು ವಿವೇಕದಿಂದ ಉತ್ತರಿಸಬಲ್ಲ ಪ್ರತಿಯೊಬ್ಬರೂ ಸಾಕ್ಷಿಯಾಗಬಹುದೆಂದು ಅದರ 118ನೆಯ ಕಲಮು ಹೇಳಿತು. ಎಳೆವಯಸ್ಸು ತಾನಾಗಿಯೇ ಅನರ್ಹತೆಯಲ್ಲ. ಯಾವ ಸಂಗತಿಯನ್ನು ರುಜುವಾತು ಮಾಡಲೂ ಇಷ್ಟೇ ಸಾಕ್ಷಿಗಳಿರಬೇಕೆಂಬ ನಿಯಮವಿಲ್ಲವೆಂದು 134ನೆಯ ಕಲಮು ಸಾರಿತು. ವೈದ್ಯನೇ ಮೊದಲಾದ ತಜ್ಞರ ಅಭಿಪ್ರಾಯಕ್ಕೆ 45ನೆಯ ಕಲಮಿನಲ್ಲಿ ಸ್ಥಾನ ದೊರೆಯಿತು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳು ಆಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರುವವರೆಗೆ ನಮ್ಮ ಭಾಗದ ಮೊಕದ್ದಮೆಗಳಿಗೆ ಮದರಾಸಿನ ಉಚ್ಚ ನ್ಯಾಯಾಲಯವೇ ಮೇಲಿನ ಕಟ್ಟೆಯಾಗಿತ್ತು.

ವೈದ್ಯ ಸಾಕ್ಷ್ಯವಿದ್ದರೂ ಕಾನೂನು ಕುರುಡಾಗಿದ್ದರೆ ಏನಾಗುವುದೆಂಬುದಕ್ಕೆ 1890ರ ಕಲ್ಕತ್ತೆಯ ಮೊಕದ್ದಮೆ ಸಾಕ್ಷಿ. ಹತ್ತು ವರ್ಷ ದಾಟಿದ್ದ ಬಾಲವಧುವೊಬ್ಬಳು ಪ್ರೌಢವಯಸ್ಕನಾದ ಗಂಡನ ಸಂಗದಿಂದ ಗಾಯಗೊಂಡು ಸತ್ತಳು. ಸಾವಿನ ಕಾರಣವನ್ನು ವೈದ್ಯರು ಸ್ಪಷ್ಟವಾಗಿ ತಿಳಿಸಿದರು. ಆದರೆ ಅಂದಿನ ದಂಡಸಂಹಿತೆಯಲ್ಲಿ ಸಮ್ಮತಿಯ ವಯಸ್ಸು ಹತ್ತು ವರ್ಷವೇ ಆಗಿದ್ದುದರಿಂದ ಅದು ಅತ್ಯಾಚಾರವೆನಿಸಲಿಲ್ಲ. ಅಜಾಗ್ರತೆಯಿಂದ ತೀವ್ರ ಗಾಯ ಮಾಡಿದನೆಂದು ಒಂದು ವರ್ಷದ ಶಿಕ್ಷೆಯಾಯಿತು. ಮರುವರ್ಷವೇ, 1891ರಲ್ಲಿ, ಆ ವಯಸ್ಸನ್ನು ಹನ್ನೆರಡಕ್ಕೆ ಏರಿಸಲಾಯಿತು. ನೆರೆಯ ಮೈಸೂರು ಸಂಸ್ಥಾನವು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಎಂಟು ವರ್ಷದೊಳಗಿನ ಬಾಲಿಕೆಯರ ವಿವಾಹವನ್ನೂ, ಐವತ್ತು ದಾಟಿದ ಪುರುಷರು ಹದಿನಾಲ್ಕರೊಳಗಿನ ಬಾಲಿಕೆಯರನ್ನು ವರಿಸುವುದನ್ನೂ ನಿಷೇಧಿಸಿತು. ಕಲ್ಕತ್ತೆಯಲ್ಲಿ ಮಾತಾಡಲು ಆ ಮಗು ಬದುಕಿರಲಿಲ್ಲ. ಬದುಕಿ ಮಾತಾಡುವ ಮಕ್ಕಳ ಪ್ರಶ್ನೆಗೆ ಉತ್ತರವು ಇನ್ನೂ ಅರುವತ್ತು ವರ್ಷ ತಡವಾಗಿ ಬಂತು.

ಎಂಟು ವರ್ಷದ ಬಾಲಿಕೆಯ ಮಾತು

ರಾಜಸ್ಥಾನದ ಎಂಟು ವರ್ಷದ ಬಾಲಿಕೆಯೊಬ್ಬಳ ಮೊಕದ್ದಮೆಯು 1951ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಕಾನೂನು ವರದಿಗಳಲ್ಲಿ ಇದಕ್ಕೆ ‘ರಾಮೇಶ್ವರ ವಿರುದ್ಧ ರಾಜಸ್ಥಾನ ರಾಜ್ಯ’ ಎಂದು ಹೆಸರು. ಪ್ರಮಾಣದ ಪಾವಿತ್ರ್ಯವು ಮಗುವಿಗೆ ತಿಳಿಯದೆಂದು ಕೆಳಗಿನ ನ್ಯಾಯಾಧೀಶರು ಪ್ರಮಾಣ ಮಾಡಿಸದೆ ಹೇಳಿಕೆ ಪಡೆದಿದ್ದರು. ಮೇಲ್ಮನವಿಯನ್ನು ಕೇಳಿದ ಸೆಷನ್ಸ್ ನ್ಯಾಯಾಧೀಶರಿಗೆ ಮಗುವಿನ ಮಾತಿನಲ್ಲಿ ನಂಬಿಕೆ ಹುಟ್ಟಿತು. ಆದರೆ ಪುಷ್ಟಿ ನೀಡುವ ಬೇರೆ ಸಾಕ್ಷ್ಯ ಕಾನೂನಿನ ಪ್ರಕಾರ ಬೇಕೆಂದು ಭಾವಿಸಿ ಆರೋಪಿಯನ್ನು ಬಿಟ್ಟರು. ನನ್ನ ಓಚರಿನ ಲೆಕ್ಕವೂ ಅದೇ ಆಗಿತ್ತು.

ಉಚ್ಚ ನ್ಯಾಯಾಲಯವು ಈ ಬಿಡುಗಡೆಯನ್ನು ಒಪ್ಪಲಿಲ್ಲ. ಸರ್ವೋಚ್ಚ ನ್ಯಾಯಾಲಯದ ಪರವಾಗಿ ನ್ಯಾಯಮೂರ್ತಿ ವಿವಿಯನ್ ಬೋಸ್ ತೀರ್ಪು ಬರೆದರು. ಅದರ ಸಾರ ಮೂರು ಮಾತುಗಳಲ್ಲಿದೆ. ಪ್ರಮಾಣ ಮಾಡಿಸದಿದ್ದರೆ ಸಾಕ್ಷ್ಯದ ತೂಕವನ್ನು ವಿಚಾರಿಸಬಹುದೇ ಹೊರತು ಸಾಕ್ಷ್ಯವೇ ಬಿದ್ದುಹೋಗುವುದಿಲ್ಲ. ಪೋಷಕ ಸಾಕ್ಷ್ಯವನ್ನು ನೋಡುವುದು ವಿವೇಕದ ನಿಯಮ, ಕಾನೂನಿನ ಕಟ್ಟಳೆಯಲ್ಲ. ನ್ಯಾಯಾಧೀಶನು ಆ ವಿವೇಕವನ್ನು ಮನಸ್ಸಿನಲ್ಲಿಟ್ಟುಕೊಂಡು, ಸಾಕ್ಷ್ಯವು ನಂಬುಗೆಗೆ ಯೋಗ್ಯವಾಗಿದ್ದರೆ ಅದೊಂದರ ಮೇಲೆಯೇ ನಿರ್ಣಯಿಸಬಹುದು. ಮೂರನೆಯದಾಗಿ, ಘಟನೆಯಾದ ಬೆನ್ನಿಗೇ ಮಗುವು ತಾಯಿಗೆ ಹೇಳಿಕೊಂಡ ಮಾತೂ ಪೋಷಕ ಸಾಕ್ಷ್ಯವೇ ಆಗುತ್ತದೆ. ತಾಯಿಯು ಹತ್ತಿರದವಳೆಂಬ ಕಾರಣದಿಂದ ಅವಳ ಮಾತನ್ನು ತಳ್ಳಿಹಾಕುವಂತಿಲ್ಲ. ಮಗು ಮೊದಲು ಓಡಿಹೋಗುವುದು ತಾಯಿಯ ಬಳಿಗೇ ಅಲ್ಲವೆ?

ಲೆಕ್ಕ ಬರೆಯುವವರಿಗೆ ಇದರ ಅರ್ಥ ತಿಳಿಯುತ್ತದೆ. ನಮ್ಮ ಕಿರ್ದಿಯಲ್ಲಿ ಅಂದಂದಿನ ವ್ಯವಹಾರವನ್ನು ಅಂದೇ ಬರೆದಿಟ್ಟರೆ ಅದಕ್ಕೊಂದು ನಂಬುಗೆಯಿದೆ. ತಿಂಗಳಾದ ಮೇಲೆ ನೆನಪಿನಿಂದ ಬರೆದುದಕ್ಕೆ ಆ ನಂಬುಗೆಯಿಲ್ಲ. ಮಗು ಅಂದೇ ಹೇಳಿದ ಮೊದಲ ಮಾತು ಕಿರ್ದಿಯ ನಮೂದಿನಂತೆ. ವೈದ್ಯರ ಪತ್ರ ಅದರೊಡನೆ ತಾಳೆ ನೋಡುವ ಕಾಗದ. ತಾಳೆಯ ಕಾಗದ ಸಿಕ್ಕದಿದ್ದರೆ ಇನ್ನಷ್ಟು ಎಚ್ಚರಿಕೆಯಿಂದ ನೋಡಬೇಕು. ಕಿರ್ದಿಯ ಹಾಳೆಯನ್ನೇ ಹರಿದುಹಾಕುವುದು ಲೆಕ್ಕಪತ್ರವೆನಿಸದು.

1983ರಲ್ಲಿ ಗುಜರಾತಿನಿಂದ ಬಂದ ಮೊಕದ್ದಮೆಯೊಂದರಲ್ಲಿ ನ್ಯಾಯಮೂರ್ತಿ ಎಂ. ಪಿ. ಠಕ್ಕರ್ ಇದೇ ಮಾತನ್ನು ಮುಂದುವರಿಸಿದರು. ಗೆಳತಿಯನ್ನು ನೋಡಲು ಬಂದ ಹತ್ತು ಹನ್ನೆರಡು ವರ್ಷದ ಬಾಲಿಕೆಯರು ಆ ಗೆಳತಿಯ ತಂದೆಯಿಂದಲೇ ದೌರ್ಜನ್ಯಕ್ಕೆ ಗುರಿಯಾಗಿದ್ದರು. ಮರ್ಯಾದೆಗೆ ಅಂಜುವ ನಮ್ಮ ಸಮಾಜದಲ್ಲಿ ಇಂಥ ದೂರನ್ನು ವಿನಾಕಾರಣ ಹೇಳಿಕೊಳ್ಳುವವರು ವಿರಳ. ಆದಕಾರಣ ಪೋಷಕ ಸಾಕ್ಷ್ಯವಿಲ್ಲವೆಂಬುದನ್ನೇ ನಿಯಮ ಮಾಡಿಕೊಂಡು ಅವರ ಮಾತನ್ನು ನಿರಾಕರಿಸುವುದು ನೊಂದವರನ್ನು ಮತ್ತೆ ನೋಯಿಸಿದಂತೆ ಎಂಬುದು ಆ ತೀರ್ಪಿನ ಭಾವ.

ಕರ್ನಾಟಕದಿಂದ ಹೋದ ಮೊಕದ್ದಮೆಗಳು

ನಮ್ಮ ರಾಜ್ಯದಿಂದ ದೆಹಲಿಗೆ ಹೋದ ಮೂರು ಮೊಕದ್ದಮೆಗಳನ್ನು ಇಲ್ಲಿ ನೆನೆಯಬೇಕು. ಮೊದಲನೆಯದು, 2000ದ ಮಾರ್ಚ್‌ನಲ್ಲಿ ತೀರ್ಮಾನವಾದ ‘ಕರ್ನಾಟಕ ರಾಜ್ಯ ವಿರುದ್ಧ ಕೃಷ್ಣಪ್ಪ’. ಏಳೆಂಟು ವರ್ಷದ ಬಾಲಿಕೆಯ ಮೇಲೆ ಅತ್ಯಾಚಾರ ಮಾಡಿದ ನಲವತ್ತೊಂಬತ್ತು ವರ್ಷದವನಿಗೆ ವಿಚಾರಣಾ ನ್ಯಾಯಾಲಯವು ಹತ್ತು ವರ್ಷದ ಶಿಕ್ಷೆ ವಿಧಿಸಿತ್ತು. ಅವನು ಅನಕ್ಷರಸ್ಥ, ಕುಡಿತದ ದಾಸ, ಅವನನ್ನು ನೆಚ್ಚಿದ ಸಂಸಾರವಿದೆ ಎಂಬ ಕಾರಣಗಳಿಂದ ಉಚ್ಚ ನ್ಯಾಯಾಲಯವು ಅದನ್ನು ನಾಲ್ಕು ವರ್ಷಕ್ಕೆ ಇಳಿಸಿತು. ರಾಜ್ಯ ಸರ್ಕಾರದ ಮೇಲ್ಮನವಿಯ ಮೇರೆಗೆ ಸರ್ವೋಚ್ಚ ನ್ಯಾಯಾಲಯವು ಹತ್ತು ವರ್ಷವನ್ನೇ ಮರಳಿ ವಿಧಿಸಿತು. ಅಪರಾಧಿಯ ಅಥವಾ ನೊಂದವಳ ಜಾತಿ, ಧರ್ಮ, ಸಾಮಾಜಿಕ ಅಂತಸ್ತುಗಳು ಶಿಕ್ಷೆಯ ಅಳತೆಗೋಲಾಗಬಾರದೆಂದು ಸ್ಪಷ್ಟಪಡಿಸಿತು.

ಎರಡನೆಯದು, 2001ರ ಜನವರಿಯಲ್ಲಿ ತೀರ್ಮಾನವಾದ ‘ಸೂರ್ಯನಾರಾಯಣ ವಿರುದ್ಧ ಕರ್ನಾಟಕ ರಾಜ್ಯ’. ಇದು ಕೊಲೆಯ ಮೊಕದ್ದಮೆಯಾದರೂ ನಮ್ಮ ವಿಷಯಕ್ಕೆ ಹತ್ತಿರದ್ದು. ಘಟನೆಯ ಕಾಲಕ್ಕೆ ಸುಮಾರು ನಾಲ್ಕು ವರ್ಷದ್ದಾಗಿದ್ದ ಮಗುವೇ ಅಲ್ಲಿ ಏಕೈಕ ಪ್ರತ್ಯಕ್ಷ ಸಾಕ್ಷಿ. ಎಳೆಯ ವಯಸ್ಸೊಂದೇ ಸಾಕ್ಷ್ಯವನ್ನು ತಳ್ಳಲು ಕಾರಣವಲ್ಲ, ಆದರೆ ಅದನ್ನು ಸೂಕ್ಷ್ಮವಾಗಿ ಪರಿಶೀಲಿಸಬೇಕು ಎಂದು ನ್ಯಾಯಾಲಯವು ಹೇಳಿತು. ಮಗು ಸುಲಭವಾಗಿ ಇತರರ ಪ್ರಭಾವಕ್ಕೆ ಒಳಗಾಗಬಹುದು. ಆದಕಾರಣ ಯಾರಾದರೂ ಹೇಳಿಕೊಟ್ಟಿದ್ದಾರೆಯೆ ಎಂಬುದನ್ನು ಮೊದಲು ನೋಡಬೇಕು. ಸಣ್ಣಪುಟ್ಟ ವ್ಯತ್ಯಾಸಗಳಿಗೆ ಅಷ್ಟು ಬೆಲೆಯಿಲ್ಲ. ಮಗ್ಗಿಯಂತೆ ಒಂದೇ ಸಮನಾಗಿ ಒಪ್ಪಿಸಿದ ಮಾತೇ ಹೆಚ್ಚು ಸಂಶಯಕ್ಕೆ ಎಡೆಮಾಡುವುದೆಂಬುದು ಪಾಠಶಾಲೆಯಲ್ಲಿ ಮಕ್ಕಳಿಗೆ ಕಲಿಸಿದವರಿಗೆಲ್ಲ ತಿಳಿದ ಸಂಗತಿ.

ಮೂರನೆಯದು, 2014ರ ಏಪ್ರಿಲಿನ ‘ಕರ್ನಾಟಕ ರಾಜ್ಯ ವಿರುದ್ಧ ಶಿವಣ್ಣ’. ಅತ್ಯಾಚಾರದ ದೂರು ಬಂದೊಡನೆ ನೊಂದವರನ್ನು ಮ್ಯಾಜಿಸ್ಟ್ರೇಟರ ಮುಂದೆ, ಸಾಧ್ಯವಾದರೆ ಮಹಿಳಾ ಮ್ಯಾಜಿಸ್ಟ್ರೇಟರ ಮುಂದೆ, ಹೇಳಿಕೆಗಾಗಿ ಹಾಜರುಪಡಿಸಬೇಕು. ಇಪ್ಪತ್ತನಾಲ್ಕು ಗಂಟೆ ಮೀರಿದರೆ ತನಿಖಾಧಿಕಾರಿಯು ಅದರ ಕಾರಣವನ್ನು ದಿನಚರಿಯಲ್ಲ ಬರೆದಿಡಬೇಕು. ವೈದ್ಯಕೀಯ ಪರೀಕ್ಷೆಯೂ ಕೂಡಲೇ ಆಗಬೇಕು ಎಂದು ಸರ್ವೋಚ್ಚ ನ್ಯಾಯಾಲಯವು ನಿರ್ದೇಶಿಸಿತು. ಕಾಲ ಕಳೆದಂತೆ ಸಾಕ್ಷ್ಯವು ಮಾಸುತ್ತದೆಂಬ ಅರಿವು ಇದರ ಹಿಂದಿದೆ.

ವೈದ್ಯರ ಪತ್ರ ಏನನ್ನು ಹೇಳಬಲ್ಲದು

ವೈದ್ಯ ಸಾಕ್ಷ್ಯವು ಬಹಳ ಬೆಲೆಯುಳ್ಳದ್ದು. ಆದರೆ ಅದರ ಮಿತಿಯನ್ನು ತಿಳಿದಿರಬೇಕು. ಮಕ್ಕಳ ಮೇಲಿನ ದೌರ್ಜನ್ಯವು ಅನೇಕ ವೇಳೆ ಗಾಯ ಮಾಡದ ರೀತಿಯದಾಗಿರುತ್ತದೆ. ಗಾಯವಾಗಿದ್ದರೂ ಎಳೆಯ ದೇಹದ ಆ ಭಾಗಗಳು ಕೆಲವೇ ದಿನಗಳಲ್ಲಿ, ಗುರುತೂ ಉಳಿಯದಂತೆ ಮಾಯುತ್ತವೆ. 1994ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ತಂಡವೊಂದು, ಅಪರಾಧವು ನ್ಯಾಯಾಲಯದಲ್ಲಿ ಸಿದ್ಧವಾಗಿದ್ದ ಮೊಕದ್ದಮೆಗಳ 236 ಮಕ್ಕಳ ಪರೀಕ್ಷಾ ದಾಖಲೆಗಳನ್ನು ಪರಿಶೀಲಿಸಿತು. ಬಾಲಿಕೆಯರಲ್ಲಿ ಸ್ಪಷ್ಟವಾದ ಅಸಹಜ ಲಕ್ಷಣ ಕಂಡದ್ದು ನೂರಕ್ಕೆ 14ರಲ್ಲಿ ಮಾತ್ರ. ನೂರಕ್ಕೆ 28ರಲ್ಲಿ ಏನೂ ಇರಲಿಲ್ಲ. ಇನ್ನು 49ರಲ್ಲಿ ಇದ್ದುದು ಬೇರೆ ಕಾರಣಗಳಿಂದಲೂ ಆಗಬಹುದಾದ ಲಕ್ಷಣಗಳು. ‘ಗುರುತು ಇಲ್ಲ’ ಎಂಬ ಒಂದು ಸಾಲಿನ ಮೇಲೆ ನಮ್ಮ ಸಮಿತಿಯು ಬಾಲಕನನ್ನು ಸುಳ್ಳನೆಂದು ತೀರ್ಮಾನಿಸಿತ್ತಲ್ಲ, ಈ ಅಂಕಿಗಳನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಕೇಂದ್ರ ಆರೋಗ್ಯ ಸಚಿವಾಲಯವು 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಗಾಯವಿಲ್ಲದಿರುವುದು ದೌರ್ಜನ್ಯ ನಡೆದಿಲ್ಲವೆಂಬುದಕ್ಕೆ ಪುರಾವೆಯಲ್ಲ. ಅತ್ಯಾಚಾರವಾಯಿತೇ ಇಲ್ಲವೇ ಎಂಬುದು ನ್ಯಾಯಾಲಯದ ತೀರ್ಮಾನ; ವೈದ್ಯನು ತಾನು ಕಂಡುದನ್ನು ಬರೆಯಬೇಕು, ಕಾಣದಿದ್ದರೆ ಅದಕ್ಕೆ ಸಂಭವನೀಯ ಕಾರಣಗಳನ್ನೂ ಬರೆಯಬೇಕು. ದೇಹದಿಂದ ಮಾದರಿಗಳನ್ನು ತೆಗೆಯುವುದು 96 ಗಂಟೆಗಳೊಳಗೆ ಫಲಕಾರಿ. ‘ಎರಡು ಬೆರಳ ಪರೀಕ್ಷೆ’ಯೆಂಬ ಹೀನ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಘನತೆಗೆ ಕುಂದೆಂದು ಹೇಳಿತ್ತು, 2022ರ ಅಕ್ಟೋಬರ್ 31ರ ತೀರ್ಪಿನಲ್ಲಿ, ಅದನ್ನು ಮಾಡಿದವರು ದುರ್ನಡತೆಯ ದೋಷಿಗಳಾಗುವರೆಂದು ಸಾರಿತು.

ಸಾಕ್ಷಿಯ ಮಾತಿಗೂ ವೈದ್ಯರ ಅಭಿಪ್ರಾಯಕ್ಕೂ ಭೇದ ಬಂದರೇನು? ವೈದ್ಯ ಸಾಕ್ಷ್ಯವು ಮುಖ್ಯವಾಗಿ ಪೋಷಕವಾದುದು. ಸಾಕ್ಷಿಯು ಹೇಳಿದಂತೆ ನಡೆದಿರುವುದು ಸಾಧ್ಯವೇ ಇಲ್ಲವೆಂದು ಅದು ತೋರಿಸಿಕೊಡದ ಹೊರತು, ನಂಬಲರ್ಹವಾದ ಸಾಕ್ಷಿಯ ಮಾತನ್ನು ಬದಿಗೊತ್ತಲಾಗದು ಎಂದು 1983ರಲ್ಲಿ ಇನ್ನೊಂದು ಗುಜರಾತಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಿಳಿಸಿತು. ಈ ಮಾತಿಗೆ ಇನ್ನೊಂದು ಮುಖವಿದೆ. ವೈದ್ಯರ ವರದಿಯು ಅಸಾಧ್ಯವೆಂದು ಸ್ಪಷ್ಟವಾಗಿ ತೋರಿಸಿದರೆ ನಿರಪರಾಧಿಯು ಅದರಿಂದಲೇ ಪಾರಾಗುತ್ತಾನೆ.

ಎರಡು ಎಚ್ಚರಿಕೆಗಳು

ಮಗುವಿನ ಮಾತನ್ನು ನಂಬಬೇಕೆಂಬುದನ್ನು ಏಕಾಂತವಾಗಿ ಹಿಡಿದರೂ ಅನ್ಯಾಯವಾಗಬಹುದು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಮೇಲಿನ ಆರೋಪಗಳು 1983ರಲ್ಲಿ ಆರಂಭವಾದವು. ಮಕ್ಕಳನ್ನು ವಿಚಾರಿಸಿದವರು ಉತ್ತರವನ್ನು ಪ್ರಶ್ನೆಯಲ್ಲಿಯೇ ಅಡಗಿಸಿ, ಪದೇ ಪದೇ ಕೇಳಿ, ತಮಗೆ ಬೇಕಾದುದನ್ನು ಹೇಳಿದ ಮಗುವನ್ನು ಹೊಗಳಿದರು. ಮಕ್ಕಳ ಮಾತಿನಲ್ಲಿ ನಿಜ ಯಾವುದು, ಹಿರಿಯರು ಬೆರೆಸಿದ್ದು ಯಾವುದು ಎಂದು ಬೇರ್ಪಡಿಸಲು ಯಾರಿಂದಲೂ ಆಗಲಿಲ್ಲ. ಏಳು ವರ್ಷಗಳ ಬಳಿಕ, 1990ರಲ್ಲಿ, ಒಬ್ಬರಿಗೂ ಶಿಕ್ಷೆಯಾಗದೆ ಎಲ್ಲವೂ ಮುಗಿಯಿತು.

ವೈದ್ಯ ಲಕ್ಷಣವೊಂದನ್ನೇ ನಂಬಿದರೂ ಅನಾಹುತವೇ. 1987ರಲ್ಲಿ ಇಂಗ್ಲೆಂಡಿನ ಕ್ಲೀವ್‌ಲ್ಯಾಂಡಿನಲ್ಲಿ ಇಬ್ಬರು ಮಕ್ಕಳ ವೈದ್ಯರು, ದೇಹದ ಒಂದು ಲಕ್ಷಣಕ್ಕೆ ಅತಿಯಾದ ಬೆಲೆ ಕೊಟ್ಟು, ಕೆಲವೇ ತಿಂಗಳುಗಳಲ್ಲಿ 121 ಮಕ್ಕಳು ದೌರ್ಜನ್ಯಕ್ಕೆ ಒಳಗಾಗಿರುವರೆಂದು ನಿರ್ಣಯಿಸಿದರು. ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಲಾಯಿತು. ಆಮೇಲೆ ಬಹುಪಾಲು ಮಕ್ಕಳನ್ನು ಮನೆಗೆ ಮರಳಿಸಬೇಕಾಯಿತು. ನ್ಯಾಯಾಧೀಶೆ ಎಲಿಜಬೆತ್ ಬಟ್ಲರ್-ಸ್ಲಾಸ್ 1988ರ ವರದಿಯಲ್ಲಿ, ಒಂದೇ ದೈಹಿಕ ಚಿಹ್ನೆಯನ್ನು ನೆಚ್ಚಬಾರದೆಂದೂ ಮಕ್ಕಳ ಮಾತನ್ನು ಸಾವಧಾನವಾಗಿ ಆಲಿಸಬೇಕೆಂದೂ ತಿಳಿಸಿದರು.

ಅನೇಕಾಂತವನ್ನು ನಂಬಿದ ನಮಗೆ ಇದು ಅರ್ಥವಾಗದ ಮಾತಲ್ಲ. ಮಗುವಿನ ಮಾತು, ವೈದ್ಯರು ಕಂಡದ್ದು, ಮಗುವಿನ ನಡತೆಯಲ್ಲಾದ ಬದಲಾವಣೆ, ಕಾಲ ಮತ್ತು ಸ್ಥಳ, ಆರೋಪಿಯ ಸಮಜಾಯಿಷಿ ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಸತ್ಯವು ಗೋಚರಿಸುತ್ತದೆ. ಮೂಲವಾದ ಮಾತು ಕೆಡದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೊದಲನೆಯ ಕೆಲಸ. ಅದು ನ್ಯಾಯಾಧೀಶರ ಕೈಯಲ್ಲಿಲ್ಲ. ಮಗು ಮೊದಲು ಯಾರಿಗೆ ಹೇಳುತ್ತದೆಯೋ ಅವರ ಕೈಯಲ್ಲಿದೆ.

ಇಂದಿನ ವ್ಯವಸ್ಥೆ

2012ರ ನವೆಂಬರ್ 14ರಂದು ಜಾರಿಗೆ ಬಂದ ‘ಪೋಕ್ಸೊ’ ಕಾಯ್ದೆಯು ಹದಿನೆಂಟು ವರ್ಷದೊಳಗಿನ ಬಾಲಕ ಬಾಲಿಕೆಯರಿಬ್ಬರಿಗೂ ಅನ್ವಯಿಸುತ್ತದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಾಧ್ಯವಾದಮಟ್ಟಿಗೆ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಮಹಿಳಾ ಅಧಿಕಾರಿಯು, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ವೈದ್ಯಕೀಯ ಪರೀಕ್ಷೆಯು ತಂದೆತಾಯಿ ಅಥವಾ ಮಗುವಿಗೆ ನಂಬುಗೆಯಿರುವವರ ಎದುರಿನಲ್ಲಿ ನಡೆಯಬೇಕು. ಬಾಲಿಕೆಯಾದರೆ ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ವಿಚಾರಣೆಯು ಸಾರ್ವಜನಿಕರಿಲ್ಲದ ಕೊಠಡಿಯಲ್ಲಿ ನಡೆಯುತ್ತದೆ. ವಕೀಲರು ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಕೊಡಬೇಕು, ನ್ಯಾಯಾಧೀಶರು ಮಗುವನ್ನು ಕೇಳುತ್ತಾರೆ. ಸಾಕ್ಷ್ಯ ನುಡಿಯುವಾಗ ಆರೋಪಿಯು ಮಗುವಿನ ಕಣ್ಣಿಗೆ ಬೀಳಬಾರದು. ಸಾಧ್ಯವಾದಮಟ್ಟಿಗೆ ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು. 2024ರ ಜುಲೈ 1ರಿಂದ 1872ರ ಕಾಯ್ದೆಯ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮವು ಬಂದಿದೆ. ಹಳೆಯ 118ನೆಯ ಕಲಮಿನ ತತ್ತ್ವವು ಅದರ 124ನೆಯ ಕಲಮಿನಲ್ಲಿ ಹಾಗೆಯೇ ಉಳಿದಿದೆ.

ಟ್ರಸ್ಟುಗಳ ಪದಾಧಿಕಾರಿಗಳು ಗಮನಿಸಬೇಕಾದ ಎರಡು ಸಂಗತಿಗಳಿವೆ. ಇಂಥ ಅಪರಾಧ ನಡೆದಿದೆಯೆಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕೆಂದು ಪೋಕ್ಸೊ ಕಾಯ್ದೆಯ 19ನೆಯ ಕಲಮು ವಿಧಿಸುತ್ತದೆ. ತನ್ನ ಕೈಕೆಳಗಿನವನು ಮಾಡಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥನು ಮುಚ್ಚಿಟ್ಟರೆ 21ನೆಯ ಕಲಮಿನ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡವಿದೆ. ನಾವು ಅಂದು ಮಾಡಿದ ಕೆಲಸವು ಇಂದಾಗಿದ್ದರೆ ಅಪರಾಧವೇ ಆಗುತ್ತಿತ್ತು. ಇನ್ನೊಂದು, ಶಾಲೆಯ ದಾಖಲಾತಿ ವಹಿ. ಮಗುವಿನ ವಯಸ್ಸಿನ ಪ್ರಶ್ನೆ ಬಂದಾಗ ನ್ಯಾಯಾಲಯವು ಮೊದಲು ನೋಡುವುದು ಶಾಲೆಯ ಪತ್ರವನ್ನು, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪತ್ರವನ್ನು. ಮೂಳೆಯ ಪರೀಕ್ಷೆ ಕಡೆಯದು, ಅದರಲ್ಲಿ ಎರಡು ವರ್ಷದಷ್ಟು ಹೆಚ್ಚುಕಡಿಮೆಯಾಗುವ ಸಂಭವವಿದೆ. ಅಂದಾಜಿನ ಜನ್ಮದಿನಾಂಕ ಬರೆಯುವ ನಮ್ಮ ಹಳೆಯ ರೂಢಿಯು ಒಂದು ಮಗುವಿನ ನ್ಯಾಯವನ್ನೇ ಕೆಡಿಸಬಹುದು.

ಶ್ರಾವಕರ ಕರ್ತವ್ಯ

ವಿಪತ್ತಿಗೆ ಕಾರಣವಾಗುವ ಸತ್ಯವನ್ನು ಆಡಬಾರದೆಂದು ಆಚಾರ್ಯ ಸಮಂತಭದ್ರರು ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಮನೆತನದ ಮಾನ, ಸಂಸ್ಥೆಯ ಹೆಸರು ಕೆಡುವುದೇ ವಿಪತ್ತೆಂದು ಭಾವಿಸಿ ಈ ಮಾತಿನ ಮರೆಯಲ್ಲಿ ಮೌನ ತಾಳುವವರನ್ನು ಕಂಡಿದ್ದೇನೆ; ನಾನೂ ಅವರಲ್ಲೊಬ್ಬನಾಗಿದ್ದೆ. ಆ ವಚನದ ಹಿಂದಿರುವುದು ಜೀವದಯೆ. ಮೌನದಿಂದ ಒಂದು ಮಗು ವಿಪತ್ತಿನಲ್ಲಿಯೇ ಉಳಿಯುವುದಾದರೆ ಆ ಮೌನವು ವ್ರತವಾಗಲಾರದು.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳಿದ ಅತಿಚಾರಗಳನ್ನು ಈ ವಿಷಯದಲ್ಲಿಟ್ಟು ನೋಡಬೇಕು. ಮಗುವಿಗೆ ಹೀಗೆ ಹೇಳು, ಹಾಗೆ ಹೇಳಬೇಡ ಎಂದು ಕಲಿಸುವುದು ಮಿಥ್ಯೋಪದೇಶ. ನೋಡದೆಯೇ ಪತ್ರ ಬರೆಸುವುದು, ನಡವಳಿಯನ್ನು ತಿದ್ದುವುದು ಕೂಟಲೇಖಕ್ರಿಯೆ. ನೊಂದ ಮಗುವಿನ ಗುರುತನ್ನು ಬೀದಿಯ ಮಾತು ಮಾಡುವುದು ರಹೋಭ್ಯಾಖ್ಯಾನ. ದೇಶದ ಕಾನೂನು ಕೂಡ ಅದನ್ನು ಅಪರಾಧವೆಂದಿದೆ. ತಂದೆತಾಯಿಗಳು ನಮ್ಮ ನಿಲಯದಲ್ಲಿ ಬಿಟ್ಟುಹೋದ ಮಗುವು ಒಂದು ನ್ಯಾಸ. ಇಟ್ಟವರಿಗೆ ಅದನ್ನು ಇಟ್ಟಂತೆಯೇ ಮರಳಿಸದಿದ್ದರೆ ನ್ಯಾಸಾಪಹಾರದ ದೋಷದಿಂದ ನಾವು ಹೇಗೆ ತಪ್ಪಿಸಿಕೊಳ್ಳುವುದು?

ಮಗುವು ಏನಾದರೂ ಹೇಳಿದರೆ ಪೂರ್ಣವಾಗಿ ಆಲಿಸಬೇಕು. ಗದರಿಸಬಾರದು, ಪ್ರಶ್ನೆಗಳಿಂದ ಅದರ ಬಾಯಲ್ಲಿ ಮಾತು ಹಾಕಬಾರದು. ಅದು ಆಡಿದ ಮಾತುಗಳನ್ನೇ, ದಿನಾಂಕ ಮತ್ತು ವೇಳೆಯೊಡನೆ, ಅಂದೇ ಬರೆದಿಡಬೇಕು. ಸ್ನಾನ ಮಾಡಿಸುವ, ಬಟ್ಟೆ ಒಗೆಯುವ ಮೊದಲೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಪೊಲೀಸರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು. ಆರೋಪಕ್ಕೆ ಗುರಿಯಾದವನನ್ನು ಮಕ್ಕಳಿಂದ ದೂರವಿಡಬೇಕು. ಅವನು ದೋಷಿಯೋ ನಿರ್ದೋಷಿಯೋ ಎಂಬುದನ್ನು ನ್ಯಾಯಾಲಯಕ್ಕೆ ಬಿಡಬೇಕು. ಸಮಿತಿಯು ನ್ಯಾಯಾಲಯವಾಗಲು ಹೋಗಬಾರದು.

ಆ ಬಾಲಕನಿಗೆ ಈಗ ನಲವತ್ತರ ಹತ್ತಿರದ ವಯಸ್ಸಾಗಿರಬೇಕು. ಎಲ್ಲಿರುವನೋ ತಿಳಿಯದು. ಆ ನಡವಳಿ ಪುಸ್ತಕದಲ್ಲಿ ನನ್ನ ಸಹಿ ಇಂದಿಗೂ ಇದೆ. ಅದನ್ನು ಅಳಿಸುವುದೂ ಕೂಟಲೇಖವೇ ಆಗುತ್ತದೆ. ನನ್ನಿಂದ ಆಗುವ ಆಲೋಚನೆ ಇಷ್ಟೇ: ನಮ್ಮ ಪಾಠಶಾಲೆ, ನಿಲಯಗಳನ್ನು ನಡೆಸುವ ಟ್ರಸ್ಟುಗಳು ತಮ್ಮ ಮುಂದಿನ ಸಭೆಯಲ್ಲಿ ಮೇಲಿನ ಕ್ರಮವನ್ನು ಒಂದು ಠರಾವಾಗಿ ಬರೆದು, ಅದನ್ನು ಓದಿ ಹೇಳಿ, ಪ್ರತಿಯೊಬ್ಬ ಸದಸ್ಯರಿಂದಲೂ ಸಹಿ ಮಾಡಿಸಿಕೊಳ್ಳಲಿ.